ಮಾಲೀಕನ ಒಪ್ಪಿಗೆ

ಹುಫೂಫ್, ಅಕ್ಕನ ಮನೆ
ನವೆಂಬರ್ ಹದಿನೇಳು, ಸೋಮವಾರ, ಸಂಜೆಯ ನಮಾಜಿಗೆ ಇನ್ನೂ ಹೊತ್ತಿದೆ

ಪ್ರೀತಿಯ ತಮ್ಮ ಖಲ್ಫಾನನಿಗೆ, ನಿನ್ನ ಅಣ್ಣ ಹುಮೈದನ ಸಲಾಮು.

ಹೇಗಿದ್ದೀಯ ಎಂದು ಮೊದಲು ಕೇಳುವುದು ಕ್ರಮ, ಅದಕ್ಕೆ ಕೇಳಿದ್ದೇನೆ. ನೀನು ತೀರಿಕೊಂಡು ನಾಲ್ಕು ತಿಂಗಳ ಮೇಲೆ ಹನ್ನೊಂದು ದಿನವಾಯಿತು, ಉತ್ತರ ಬರುವುದಿಲ್ಲವೆಂದು ನನಗೆ ಗೊತ್ತಿದೆ. ಆದರೆ ಬದುಕಿದ್ದಾಗಲೂ ನೀನು ನನ್ನ ಯಾವ ಕಾಗದಕ್ಕೂ ಉತ್ತರ ಬರೆದವನಲ್ಲ, ಆದ್ದರಿಂದ ಬರೆಯುವ ನನಗೆ ಹೆಚ್ಚಿನ ವ್ಯತ್ಯಾಸವೇನೂ ಕಾಣುತ್ತಿಲ್ಲ. ನಾನು ಇಲ್ಲಿ ಕ್ಷೇಮ. ಬಲ ಮೊಣಕೈ, ಎಡ ಮೊಣಕಾಲು, ಮುಂದಿನ ಒಂದು ಹಲ್ಲು, ಇಷ್ಟು ಬಿಟ್ಟರೆ ಉಳಿದ ಭಾಗವೆಲ್ಲ ಕ್ಷೇಮ. ನಿನ್ನ ಅತ್ತಿಗೆ ಜುವೈನಾ ಊರಲ್ಲಿ ಆರೋಗ್ಯವಾಗಿದ್ದಾಳೆ. ನಾನು ಹೊರಡುವಾಗ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿಕೊಂಡಿದ್ದಳು, ಪ್ರಾರ್ಥನೆಗೋ ನೋಡಲಾಗದೆಯೋ ತಿಳಿಯಲಿಲ್ಲ. ನಿನ್ನ ಮೂರು ಖರ್ಜೂರದ ಮರಗಳು ಈ ಸಲ ಚೆನ್ನಾಗಿ ಬಿಟ್ಟವು. ನಿನ್ನ ಮೋಟರ್‌ಸೈಕಲ್ಲು ಈ ಅಂಗಳದ ಗೋಡೆಗೆ ಒರಗಿಕೊಂಡಿದೆ, ಸೀಟಿನ ಮೇಲೆ ಅಕ್ಕನ ಕಂದು ಕೋಳಿ ಕೂತಿದೆ. ಅದು ಇಲ್ಲಿಯವರೆಗೆ ಬಂದ ಬಗೆಯನ್ನು ನಿನಗೆ ಹೇಳಬೇಕು, ಏಕೆಂದರೆ ಅದರಲ್ಲಿ ಅರ್ಧ ತಪ್ಪು ನಿನ್ನದು.

ಮೊದಲಿನಿಂದ ಬರೆಯುತ್ತೇನೆ. ನೀರಿನ ಸರದಿ ಬರೆದು ಬರೆದು ನನಗೆ ಹೀಗೆಯೇ ಅಭ್ಯಾಸ. ಊರಿನವರೆಲ್ಲ ಮೂವತ್ತು ವರ್ಷದಿಂದ ಈ ಗಾಡಿ ಹತ್ತಿ ಹೋದ ನಿನ್ನ ಹೆಣ ಮರಳುಗಾಡಿನ ಕಡೆಯಿಂದ ಬರುತ್ತದೆ ಎಂದು ಕಾದಿದ್ದರು. ನೀನು ಮಾತ್ರ ಮಧ್ಯಾಹ್ನ ಎರಡು ಸಲ ಅನ್ನ ಬಡಿಸಿಕೊಂಡು ತಿಂದು, ನನ್ನ ಮನೆಯ ಜಗಲಿಯಲ್ಲಿ ನನ್ನ ದಿಂಬಿನ ಮೇಲೆ ತಲೆಯಿಟ್ಟು ಮಲಗಿದವನು ಏಳಲಿಲ್ಲ. ಆ ದಿಂಬನ್ನೂ ನನ್ನನ್ನು ಕೇಳಿ ತೆಗೆದುಕೊಂಡಿರಲಿಲ್ಲ. ಚಿಕ್ಕಂದಿನಿಂದ ನನ್ನ ಚಪ್ಪಲಿ, ನನ್ನ ಚಾಕು, ಮದುವೆಗೆಂದು ಹೊಲಿಸಿದ ಅಂಗಿ, ಯಾವುದಕ್ಕೂ ನೀನು ಕೇಳಿದವನಲ್ಲ. ಅದೇ ವಾರ ಗಡಿಯಾಚೆ ಹುಫೂಫಿನಲ್ಲಿ ರಯ್ಯಾ ಅಕ್ಕನ ಕಣ್ಣಿಗೆ ಆಪರೇಷನ್ ಆಗಿತ್ತು. ನಾನು ಫೋನು ಹಿಡಿದು ಕೂತಿರುವಾಗ ಅಕ್ಕನ ಮಗ ಮಶಾರಿಯದೇ ಬಂತು. ಜುವೈನಾ ಅವನಿಗೆ ಆಗಲೇ ತಿಳಿಸಿದ್ದಳು. "ಮಾವಾ, ಅಮ್ಮನಿಗೆ ಹೇಳಬೇಡಿ. ಅಳಲೇಬಾರದು ಅಂದಿದ್ದಾರೆ ಡಾಕ್ಟ್ರು. ಅತ್ತರೆ ಕಣ್ಣು ಹೋಗುತ್ತಂತೆ," ಎಂದ. ಹೀಗೆ ನಾನು ಸುಳ್ಳುಗಾರನಾದೆ. ನಲವತ್ತು ವರ್ಷ ಊರ ಕಾಲುವೆಯ ನೀರು ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಬರೆದಿಟ್ಟವನು ನಾನು. ಒಂದು ನಿಮಿಷ ಆಚೀಚೆ ಮಾಡಿದವನಲ್ಲ. ಅಕ್ಕ ಪ್ರತಿ ಶುಕ್ರವಾರ ಫೋನು ಮಾಡಿ "ಖಲ್ಫಾನ್ ಎಲ್ಲಿ?" ಎನ್ನುತ್ತಿದ್ದಳು. "ಮಲಗಿದ್ದಾನೆ ಅಕ್ಕ," ಎನ್ನುತ್ತಿದ್ದೆ. ಮುಂದಿನ ವಾರ, "ತೋಟದ ಕಡೆ ಇದ್ದಾನೆ," ಎಂದೆ. ಖಬರಸ್ತಾನ ಇರುವುದು ತೋಟದ ಕಡೆಯೇ. ಅಷ್ಟು ಸುಳ್ಳು ನನ್ನಿಂದ ಆಗುತ್ತಿತ್ತು, ಅದಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ಅವಳು ನಿನ್ನ ನಂಬರಿಗೂ ಮಾಡುತ್ತಿದ್ದಳು. ನಿನ್ನ ಫೋನನ್ನು ನಾನು ದಿನವೂ ಚಾರ್ಜಿಗೆ ಹಾಕುತ್ತಿದ್ದೆ, ಬಡಕೊಂಡರೆ ಎತ್ತುತ್ತಿರಲಿಲ್ಲ. "ಆ ಕತ್ತೆಗೆ ಹೇಳು, ಈ ವರ್ಷ ಖರ್ಜೂರ ತಗೊಂಡು ಬರದೆ ಇದ್ರೆ ಬಾಗಿಲು ತೆಗೆಯೋದಿಲ್ಲ ಅಂತ," ಎಂದು ಅವಳ ಅಪ್ಪಣೆ.

ಅಕ್ಟೋಬರಿನಲ್ಲಿ ಮಶಾರಿ ಮತ್ತೆ ಕರೆದ. "ಮಾವಾ, ಅಳೋದಕ್ಕೆ ಡಾಕ್ಟ್ರು ಒಪ್ಪಿಗೆ ಕೊಟ್ಟಿದ್ದಾರೆ. ಆದ್ರೆ ಒಂದೇ ಸಲಕ್ಕೆ ಜಾಸ್ತಿ ಬೇಡವಂತೆ," ಎಂದ. ಫೋನಿನಲ್ಲಿ ಹೇಳುವ ಸುದ್ದಿ ಅದಲ್ಲ, ಅಣ್ಣನಾದ ನಾನೇ ಹೋಗಿ ಎದುರು ನಿಂತು ಹೇಳಬೇಕು. ಒಂದೇ ಒಂದು ವಾಕ್ಯ. ಆದರೆ ತಮ್ಮಾ, ಆ ವಾಕ್ಯವನ್ನು ನಾನು ಅಲ್ಲಿಯವರೆಗೆ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ನಮ್ಮ ಊರಲ್ಲಿ ಹೇಳುವ ಪ್ರಮೇಯವೇ ಬರಲಿಲ್ಲ. ನಾನು ಮಸೀದಿ ತಲುಪುವ ಮೊದಲೇ ಎಲ್ಲರಿಗೂ ಗೊತ್ತಾಗಿತ್ತು, ಅವರೇ ಹೇಳಿದರು, ನಾನು ತಲೆಯಾಡಿಸಿದೆ. ದಿನಚರಿಯಲ್ಲಿ ಸಹ ಆ ದಿನದ ಎದುರು 'ಗಾಳಿ ಇಲ್ಲ, ಸೆಕೆ' ಎಂದು ಮಾತ್ರ ಬರೆದಿದ್ದೇನೆ.

ಮೋಟರ್‌ಸೈಕಲ್ಲಿನಲ್ಲೇ ಯಾಕೆ ಹೋಗಬೇಕು ಎಂದು ಊರೆಲ್ಲ ಕೇಳಿತು. ಮಶಾರಿ ಕಾರು ತರುತ್ತೇನೆ ಎಂದ. ನೀನು ಪ್ರತಿ ವರ್ಷ ಖರ್ಜೂರ ಹೊತ್ತು ಇವಳ ಗಲ್ಲಿಯ ತಿರುವಿಗೆ ಬಂದರೆ ಸಾಕು, ಆ ಸದ್ದು ಕೇಳಿ ಅಕ್ಕ ಒಲೆಯ ಮೇಲೆ ಕಾಫಿ ಇಡುತ್ತಿದ್ದಳಲ್ಲ. ಈ ವರ್ಷ ಆ ಗಲ್ಲಿಯೊಳಗೆ ಸದ್ದಿಲ್ಲದ ಕಾರಿನಲ್ಲಿ ಹೋಗಿ ಇಳಿಯುವುದು ನನ್ನಿಂದ ಆಗದು ಎಂದು ನನಗೆ ಮೊದಲೇ ಅನ್ನಿಸಿತ್ತು. ಹಾಗಾಗಿ ಅರವತ್ತೊಂದನೇ ವಯಸ್ಸಿನಲ್ಲಿ, ಆಗಸ್ಟಿನಲ್ಲೇ, ಒಣಗಿದ ಹಳ್ಳದಲ್ಲಿ ಕಲಿಯಲು ಶುರು ಮಾಡಿದ್ದೆ. "ಸಾಲಿಹನ ಅಪ್ಪಾ, ಒಂಟೆ ಹತ್ತೋಕ್ಕೆ ಹೆದರಿದೋರು ನೀವು. ಇದಕ್ಕೆ ಮೂಗುದಾರವೂ ಇಲ್ಲ," ಎಂದಳು ಜುವೈನಾ. ಮೇಕೆಗಳು ಮೊದಲ ವಾರ ಓಡಿಹೋದವು, ಎರಡನೇ ವಾರ ನಿಂತು ನೋಡಿದವು, ಮೂರನೇ ವಾರ ಏಳುವುದನ್ನೂ ಬಿಟ್ಟವು. ಲೈಸೆನ್ಸು ಮೂರನೇ ಸಲಕ್ಕೆ ಸಿಕ್ಕಿತು. ಓಡಿಸುವುದು ಒಂದು ಮಟ್ಟಿಗೆ ಬಂತು, ಆದರೆ ನಿಂತದ್ದನ್ನು ಹೊರಡಿಸುವುದು ಬರಲಿಲ್ಲ. ನೀನು ಅದರ ಪಕ್ಕೆಗೊಂದು ಒದೆ ಕೊಟ್ಟು, "ಏಳೇ ಸೈತಾನನ ಸೊಸೆ," ಎಂದು ಬೈದು ಕಿಕ್ ಹೊಡೆಯುತ್ತಿದ್ದೆ. ನನ್ನ ಬಾಯಲ್ಲಿ ಆ ಮಾತು ಬರುವುದಿಲ್ಲ. "ಏಳಮ್ಮಾ," ಎನ್ನುತ್ತಿದ್ದೆ, ಅದು ಏಳುತ್ತಿರಲಿಲ್ಲ. ಅದಕ್ಕೆ ಒಮ್ಮೆ ಹೊರಟರೆ ಆದಷ್ಟೂ ಆರಿಸದೆ ಇರುವುದು ಎಂದು ನಿಶ್ಚಯಿಸಿದೆ. ಎರಡು ಚೀಲ ಖರ್ಜೂರ, ನೀರು, ಪೆಟ್ರೋಲಿನ ಡಬ್ಬಿ, ನಿನ್ನ ಫೋನು ಹಿಂದೆ ಕಟ್ಟಿಕೊಂಡೆ. ನಿನ್ನ ಮರಣಪತ್ರವನ್ನೂ, ಈ ಒಂದು ಸಲಕ್ಕೆ ಗಾಡಿಯನ್ನು ನಾನು ಗಡಿ ದಾಟಿಸಬಹುದು ಎಂಬ ಕೋರ್ಟಿನ ಚೀಟಿಯನ್ನೂ ಜುವೈನಾ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನನ್ನ ಅಂಗಿಯ ಎದೆ ಜೇಬಿನಲ್ಲಿಟ್ಟು ಪಿನ್ನು ಹಾಕಿದಳು. ಈ ಜೇಬನ್ನು ನೆನಪಿಟ್ಟುಕೋ.

ಗಡಿ ಠಾಣೆಯ ಮುಂದೆ ನಲವತ್ತು ಲಾರಿ ನಿಂತಿದ್ದವು. ನಾನು ಕೊನೆಯದರ ಹಿಂದೆ ನಿಂತೆ. ಆ ಲಾರಿಯಲ್ಲಿ ಈರುಳ್ಳಿಯಿತ್ತು, ಅದರ ಡ್ರೈವರು ಬಾಬಿಕರ್ ಎಂಬ ಸುಡಾನಿನವನು, ಎತ್ತರದ ಆಳು, ಕಿಟಕಿಯಿಂದ ಬಗ್ಗಿ ನೋಡಿದ. "ಹಿರಿಯರೇ, ಮೋಟರ್‌ಸೈಕಲ್ಲಿಗೆ ಯಾಕೆ ಸಾಲು? ಪಕ್ಕದಲ್ಲಿ ನುಗ್ಗಿ. ಇದೇ ತರಹದ ಕೆಂಪು ಗಾಡಿಯೋನೊಬ್ಬ ಪ್ರತಿ ವರ್ಷ ಹಾಗೇ ನುಗ್ಗೋದು ನೋಡಿದ್ದೀನಿ," ಎಂದ. "ಅವನು ನನ್ನ ತಮ್ಮ," ಎಂದೆ. ಬಾಬಿಕರ್ ಗಾಡಿಯನ್ನು ನೋಡಿ, ನನ್ನನ್ನು ನೋಡಿ, "ಒಂದೇ ತಾಯಿಯಾ?" ಎಂದು ಕೇಳಿದ. ನಾಲ್ಕು ಗಂಟೆ ಹೊತ್ತು, ಲಾರಿ ಒಂದು ಮಾರು ಮುಂದೆ ಹೋದರೆ ನಾನೂ ಒಂದು ಮಾರು ತಳ್ಳಿಕೊಂಡು ಹೋದೆ.

ಠಾಣೆಯ ಅಧಿಕಾರಿ ಮುಸಲ್ಲಮನ ಬಗ್ಗೆ ನೀನು ನನಗೆ ಒಂದು ಮಾತು ಹೇಳಿಟ್ಟಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು. ಮರಳಿನ ಕಡೆಯವನು, ದುಂಡು ಹೊಟ್ಟೆ, ದೊಡ್ಡ ಗಂಟಲು. ಅವನು ಗಾಡಿಯನ್ನು ಮೊದಲು ಕಂಡ, ನನ್ನನ್ನು ಆಮೇಲೆ. "ಬಂದ ನೋಡ್ರಪ್ಪ, ಸುಳ್ಳರ ಸುಲ್ತಾನ," ಎನ್ನುತ್ತ ಓಡಿಬಂದು, ನನ್ನ ತಲೆಯಿಂದ ಹೆಲ್ಮೆಟ್ ಕಿತ್ತು, ಮೂಗಿಗೆ ಮೂಗು ತಾಗಿಸಿ ಸಲಾಮು ಮಾಡಿದ. ಎರಡನೇ ಸಲ ತಾಗಿಸುವಾಗ ನಿಂತ. "ಮೂಗು ಬೇರೆ," ಎಂದ. ನಾನು ಖಲ್ಫಾನನ ಅಣ್ಣ ಎಂದೆ. ಅಷ್ಟು ಕೇಳಿದ್ದೇ ತಡ, ಒಳಗೆ ಕರೆದೊಯ್ದು ಚಾಪೆ ಹಾಕಿ ಖರ್ಜೂರ ಮುಂದಿಟ್ಟು ಕಾಫಿ ಬಗ್ಗಿಸಿದ. ಆಮೇಲೆ ಕ್ರಮ ತಪ್ಪದೆ ಸುದ್ದಿ ಕೇಳಿದ. "ಏನು ಸುದ್ದಿ?" "ಸುದ್ದಿ ಏನೂ ಇಲ್ಲ, ಎಲ್ಲ ಶಾಂತ." "ಹೊಸದೇನಾದ್ರೂ?" "ಏನೂ ಇಲ್ಲ, ಎಲ್ಲ ಒಳ್ಳೇದು." "ಮನೆಯೋರು?" "ಚೆನ್ನಾಗಿದ್ದಾರೆ." "ನಮ್ಮ ಖಲ್ಫಾನ್?" "ಚೆನ್ನಾಗಿದ್ದಾನೆ, ದೇವರ ದಯೆ."

ನೋಡು, ಇಲ್ಲಿ ನನ್ನ ತಪ್ಪೇನಿದೆ? ಸುದ್ದಿ ಕೇಳಿದಾಗ ಹಾಗಲ್ಲದೆ ಬೇರೆ ಹೇಗೆ ಹೇಳುವುದು? ಮನೆ ಸುಟ್ಟು ಬೂದಿಯಾದವನೂ ಮೊದಲು ಎಲ್ಲ ಶಾಂತ ಎನ್ನಬೇಕು. ನಿಜ ಸುದ್ದಿ ಕಾಫಿಯ ಎರಡನೇ ಮೂರನೇ ಬಟ್ಟಲಿಗೆ, ನಿಧಾನಕ್ಕೆ ಬರುತ್ತದೆ. ಅಪ್ಪ ಕಲಿಸಿದ್ದೂ ಹಾಗೆ. ನಾನು ಮೂರನೇ ಬಟ್ಟಲಿಗೆ ಹೇಳೋಣವೆಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವನು ನನ್ನ ಗುರುತಿನ ಚೀಟಿ ತೆಗೆದುಕೊಂಡು ನೋಡಿದ. ಹೆಸರು ಓದಿದ. ಮತ್ತೆ ಓದಿದ. ಕಾಫಿಯ ಹೂಜಿಯನ್ನು ಕೆಳಗಿಟ್ಟ. "ಹುಮೈದ್? ನೀವು ಸತ್ತಿದ್ದೀರಿ," ಎಂದ.

ಆಗ ನಿನ್ನ ಘನಕಾರ್ಯ ಹೊರಗೆ ಬಂತು. "ಎರಡು ವರ್ಷದ ಹಿಂದೆ ಇದೇ ಚಾಪೆ ಮೇಲೆ ಕೂತು ಅತ್ತ ಕಣ್ರೀ. 'ಅಣ್ಣ ಹುಮೈದ್ ಹೋಗ್ಬಿಟ್ಟ, ಅಕ್ಕನಿಗೆ ಎದುರೇ ಹೋಗಿ ಹೇಳಬೇಕು, ಸಾಲಲ್ಲಿ ನಿಂತ್ರೆ ಸಂಜೆ ಆಗುತ್ತೆ' ಅಂದ. ಮೂವತ್ತು ಲಾರಿ ತಡೆದು ಬಿಟ್ಟೆ ನಾನು. ನಮಾಜಲ್ಲಿ ನಿಮ್ಮ ಹೆಸರು ಹಿಡಿದು ಬೇಡಿಕೊಂಡಿದ್ದೀನಿ." "ಹೇಗೆ ಸತ್ತೆನಂತೆ?" ಎಂದು ಕೇಳಿದೆ. "ಖರ್ಜೂರದ ಮರದಿಂದ ಬಿದ್ದು." ತಮ್ಮಾ, ನೀನು ಸಾಯಿಸಿದ್ದಕ್ಕೆ ನನಗೆ ಬೇಸರವಿಲ್ಲ. ಐವತ್ತು ವರ್ಷದಲ್ಲಿ ನಾನು ಒಂದು ಮರದಿಂದಲೂ ಬಿದ್ದವನಲ್ಲ. ನಿನ್ನ ಮೂರು ಮರಗಳನ್ನೂ ಹತ್ತುತ್ತಿದ್ದವನು ನಾನೇ. ಜ್ವರದಿಂದ ಸತ್ತ ಎಂದಿದ್ದರೆ ಆಗುತ್ತಿರಲಿಲ್ಲವೇ? ಜೊತೆಗೆ, ಇಡೀ ಜನ್ಮ ಬೇರೆಯವರ ಸರದಿ ಕಾಯ್ದ ಮನುಷ್ಯನ ಸಾವನ್ನು ಸಾಲು ಮುರಿಯುವುದಕ್ಕೆ ಬಳಸಿಕೊಂಡಿದ್ದೀಯ. ಅದನ್ನೂ ಕೇಳದೆ ತೆಗೆದುಕೊಂಡೆ.

ಮುಸಲ್ಲಮನಿಗೆ ಸಿಟ್ಟು ಬರಲಿಲ್ಲ, ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕ, ಕಣ್ಣು ಒರೆಸಿಕೊಂಡ, "ಬರಲಿ ಅವನು, ಒಂದು ಜಗಳ ಬಾಕಿ ಇದೆ," ಎಂದ. ಆ ನಗುವಿನ ಮೇಲೆ ನಾನು ನನ್ನ ವಾಕ್ಯವನ್ನು ಹೇಗೆ ಇಡಲಿ? ಇಟ್ಟರೂ ನಂಬುವವರು ಯಾರು? ಅದೇ ಸಾವು, ಅದೇ ಅಕ್ಕ, ಅದೇ ಅವಸರ. ಆಮೇಲೆ ಅವನು ಗಾಡಿಯ ಕಾಗದ ನೋಡಿದ. "ಗಾಡಿ ಅವನ ಹೆಸರಲ್ಲಿದೆ. ಮಾಲೀಕ ಜೊತೆಗಿಲ್ಲ ಅಂದ್ರೆ ಒಪ್ಪಿಗೆ ಪತ್ರ ಬೇಕು ಹಿರಿಯರೇ, ಯಾರಿಗಾದ್ರೂ ಅಷ್ಟೇ. ಇರಲಿ, ಅವನಿಗೊಂದು ಫೋನ್ ಹಾಕ್ತೀನಿ. 'ಆಯ್ತು' ಅಂತ ಒಂದು ಮಾತು ಅಂದ್ರೆ ಸಾಕು, ಉಳಿದದ್ದು ನಾನೇ ಬರ್ಕೋತೀನಿ," ಎಂದು ನಂಬರು ಒತ್ತಿದ. ಹೊರಗೆ ನಿಲ್ಲಿಸಿದ್ದ ಗಾಡಿಯ ಖರ್ಜೂರದ ಚೀಲದೊಳಗಿಂದ ನಿನ್ನ ದನಿ ಕೂಗಿತು: "ಆಯ್ತು ಕಣ್ರಪ್ಪ, ಆಯ್ತು, ಕೇಳಿಸ್ತು. ಗಾಡಿ ಮೇಲಿದ್ದೀನಿ, ಕೈ ಬಿಡುವಿಲ್ಲ." ಫೋನು ಬಂದಾಗ ಬಡಕೊಳ್ಳಲೆಂದು ನೀನೇ ನಿನ್ನ ಫೋನಿಗೆ ತುಂಬಿಸಿಟ್ಟ ಕೂಗು. ಮುಸಲ್ಲಮ್ ಎದ್ದು ಹೊರಗೆ ಓಡಿ ಚೀಲಗಳ ಹಿಂದೆ ಹುಡುಕಿದ. ಲಾರಿಯ ಕೆಳಗೂ ಬಗ್ಗಿ ನೋಡಿದ. ಎರಡನೇ ಸಲ ಕೂಗಿದಾಗ ಅರ್ಥವಾಯಿತು. "ಫೋನನ್ನ ನಿಮ್ಮ ಹತ್ರ ಮರೆತು ಕೂತಿದ್ದಾನಾ?" ಎಂದ. "ಅವನಿಗೆ ಮರೆವು," ಎಂದೆ. "ಆಯ್ತು ಅಂತೇನೋ ಅಂದ, ಆದ್ರೆ ಇದು ಲೆಕ್ಕಕ್ಕಿಲ್ಲ. ಫೋನ್ ಬಿಟ್ಟು ಒಂದು ದಿನ ಇರೋ ಗಿರಾಕಿಯಲ್ಲ ಅದು. ಹುಡುಕ್ಕೊಂಡು ಬಂದೇ ಬರ್ತಾನೆ. ಕೂತ್ಕೊಳ್ಳಿ," ಎಂದು ನನಗೆ ದಿಂಬು ಕೊಟ್ಟ.

ಹೀಗೆ ನಾನು ಗಡಿಯಲ್ಲಿ ಕೂತು ನಿನ್ನನ್ನು ಕಾದೆ. ಎದೆಯ ಮೇಲೆ, ಪಿನ್ನು ಹಾಕಿದ ಜೇಬಿನಲ್ಲಿ, ನಿನ್ನ ಮರಣಪತ್ರ. ಬಾಬಿಕರನ ಈರುಳ್ಳಿಯ ಕಾಗದದಲ್ಲೂ ಏನೋ ಒಂದು ಮೊಹರು ಇರಲಿಲ್ಲವಂತೆ, ಅವನೂ ನಮ್ಮ ಜೊತೆಗೆ ಬಂದು ಕೂತ. ಮುಸಲ್ಲಮ್ ಬಿಡುವಾದಾಗಲೆಲ್ಲ ಹೊರಗೆ ಹೋಗಿ ಕಣ್ಣಿಗೆ ಕೈ ಅಡ್ಡ ಹಿಡಿದು ದಾರಿ ನೋಡುತ್ತಿದ್ದ. "ಯಾವುದೋ ಧೂಳು ಎದ್ದಿದೆ," ಎನ್ನುತ್ತಿದ್ದ. ನಾನೂ ಎದ್ದು ನೋಡುತ್ತಿದ್ದೆ. "ನಿಮ್ಮ ತಮ್ಮ ಬರೋದರೊಳಗೆ ನನ್ನ ಈರುಳ್ಳಿ ಮೊಳಕೆ ಒಡೆದು ಹೂ ಬಿಡುತ್ತೆ," ಎನ್ನುತ್ತಿದ್ದ ಬಾಬಿಕರ್. ನಿನ್ನ ಕಥೆಗಳನ್ನು ಒಬ್ಬರ ಮೇಲೊಬ್ಬರು ಹೇಳಿದರು. ಚಕ್ರ ಪಂಚರ್ ಆದಾಗ ನೀನು ಟೈರಿನೊಳಗೆ ಒಣಹುಲ್ಲು ತುಂಬಿ ಬಂದದ್ದು, ಆ ಕಡೆಯ ಠಾಣೆಯವರ ಒಂಟೆಗೆ ಹೆಲ್ಮೆಟ್ ತೊಡಿಸಿದ್ದು. ನನಗೆ ಇವುಗಳಲ್ಲಿ ಒಂದೂ ಗೊತ್ತಿರಲಿಲ್ಲ. ನೀನು ಹೇಳಲು ಬಂದಾಗ ನಾನು ನೀರಿನ ಪುಸ್ತಕ ಬರೆಯುತ್ತ, "ಆಮೇಲೆ ಹೇಳು," ಎಂದಿರಬೇಕು. ನಿಜ ಬರೆಯುತ್ತೇನೆ ಖಲ್ಫಾನ್, ಆ ಒಂದು ದಿನ ನನಗೆ ಸುಖವಾಗಿತ್ತು. ನೀನು ಬರುತ್ತೀಯ ಎಂದು ಪೂರ್ತಿ ನಂಬಿದ ಇಬ್ಬರ ನಡುವೆ ನಾನು ಕೂತಿದ್ದೆ. ನಾಲ್ಕು ತಿಂಗಳಲ್ಲಿ ನೀನು ಮೊದಲ ಸಲ ಬರೀ ತಡವಾಗಿ ಬರುವವನಾಗಿದ್ದೆ. ಅಕ್ಕನಿಗೆ ಹೇಳಬೇಕಾದ ವಾಕ್ಯ ನೆನಪಾದಾಗಲೆಲ್ಲ ಜೇಬು ಮುಟ್ಟಿಕೊಳ್ಳುತ್ತಿದ್ದೆ, ಆಮೇಲೆ ಇನ್ನೊಂದು ಕಥೆ ಕೇಳುತ್ತಿದ್ದೆ.

ಎರಡನೇ ದಿನ ಮಧ್ಯಾಹ್ನ ಮುಸಲ್ಲಮ್ ಒಂದು ಮೇಕೆ ಕೊಯ್ಯಿಸಿದ. ದೊಡ್ಡ ಹರಿವಾಣದಲ್ಲಿ ಅನ್ನ, ಅದರ ಮೇಲೆ ಮಾಂಸ. ಮೂವರು ಸುತ್ತ ಕೂತೆವು. ಬಾಗಿಲ ಕಡೆಗೆ ಒಂದು ಜಾಗ ಬಿಟ್ಟ, ಒಳ್ಳೆಯ ಪಕ್ಕೆಯ ತುಂಡನ್ನು ಆ ಕಡೆಗೆ ತಿರುಗಿಸಿಟ್ಟ. "ಇದು ಆ ಕಳ್ಳನಿಗೆ. ಈ ಹೊತ್ತಿಗೆ ಹೊಟ್ಟೆ ಹಸಿದು ಬಂದೇ ಬರ್ತಾನೆ," ಎಂದ. ನನ್ನ ಕೈ ಅನ್ನಕ್ಕೆ ಹೋಗಲಿಲ್ಲ. ಸುದ್ದಿಗೆ ಒಂದು ಕ್ರಮವಿದೆ, ಅನ್ನಕ್ಕೂ ಇದೆ. ಬಾರದವನ ಹೆಸರಿನಲ್ಲಿ ಕೊಯ್ದ ಮೇಕೆಯನ್ನು ಬಾಯಿ ಮುಚ್ಚಿಕೊಂಡು ತಿಂದರೆ ಅದು ಕಳ್ಳತನ. "ಖಲ್ಫಾನ್ ತೀರಿಕೊಂಡ," ಎಂದೆ.

ಬಾಬಿಕರ್ ಮೊದಲು ನಕ್ಕ. "ಈಗ ಅಣ್ಣನ ಪಾಳಿ," ಎಂದ. ಮುಸಲ್ಲಮ್ ಬೆರಳು ನೆಕ್ಕುತ್ತ, "ಎಷ್ಟು ದಿನ ಆದ್ರೂ ಮನೆತನದ ವಿದ್ಯೆ ಬಿಟ್ಟುಹೋಗುತ್ತಾ? ಹೇಳಿ ಹೇಳಿ, ಯಾವ ಮರದಿಂದ ಬಿದ್ದ?" ಎಂದ. "ಮರದಿಂದಲ್ಲ. ನನ್ನ ದಿಂಬಿನ ಮೇಲೆ," ಎಂದೆ. ಅವರು ಇನ್ನೂ ಜೋರಾಗಿ ನಕ್ಕರು. ನಾನು ಎಡಗೈಯಲ್ಲಿ ಪಿನ್ನು ತೆಗೆಯಲು ನೋಡಿದೆ, ಜುವೈನಾ ಗಟ್ಟಿಯಾಗಿ ಹಾಕಿದ್ದಳು, ಬೆರಳಿಗೆ ಚುಚ್ಚಿತು. ಬಾಬಿಕರನೇ ತೆಗೆದುಕೊಟ್ಟ, ಇನ್ನೂ ನಗುತ್ತಿದ್ದ. ಮುಸಲ್ಲಮ್ ಕೈ ತೊಳೆದು ಒರೆಸಿಕೊಂಡು ಕಾಗದ ಬಿಚ್ಚಿದ. ಒಂದು ಸಲ ಓದಿ ತಾರೀಖು ನೋಡಿದ, ಮತ್ತೊಂದು ಸಲ ಓದಿದ. "ಎರಡು ದಿನದಿಂದ ಇದು ಜೇಬಲ್ಲೇ ಇತ್ತಾ?" ಎಂದು ಕೇಳಿದ. "ಇತ್ತು." "ಮತ್ತೆ ಯಾಕೆ ಹೇಳಲಿಲ್ಲ?" "ನೀವು ಖಲ್ಫಾನ್ ಹೇಗಿದ್ದಾನೆ ಅಂತ ಕೇಳಿದ್ರಿ. ಚೆನ್ನಾಗಿದ್ದಾನೆ ಅನ್ನಬೇಕಲ್ಲ." ಮುಸಲ್ಲಮ್ ತಲೆಯಾಡಿಸಿದ. ಅವನೂ ನಮ್ಮ ಜನವೇ, ಅದರಲ್ಲಿ ಅವನಿಗೆ ತಪ್ಪು ಕಾಣಲಿಲ್ಲ. ಬಾಬಿಕರ್ ಮಾತ್ರ ನಮ್ಮಿಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿ, "ನೀವು ದೊಡ್ಡ ಜನ," ಎಂದು ಮುಂಗೈಯಲ್ಲಿ ಮುಖ ಒರೆಸಿಕೊಂಡ.

ಆಮೇಲೆ ನಿನಗಾಗಿ ಪ್ರಾರ್ಥಿಸಿ ಊಟ ಮಾಡಿದೆವು. ಆ ಪಕ್ಕೆಯ ತುಂಡನ್ನು ಮುಸಲ್ಲಮ್ ನನ್ನ ಕೈಯಲ್ಲಿಟ್ಟ, ನಾನೇ ತಿಂದೆ. ಕಾಫಿ ಬಂತು. ನಾನು ಬಟ್ಟಲು ಅಲ್ಲಾಡಿಸಿ ಸಾಕು ಎನ್ನುವುದನ್ನು ಮರೆತಿದ್ದೆ. ಅವನು ಬಗ್ಗಿಸುತ್ತಲೇ ಹೋದ, ನಾನು ಕುಡಿಯುತ್ತಲೇ ಹೋದೆ. ಹದಿಮೂರೋ ಹದಿನಾಲ್ಕೋ ಬಟ್ಟಲಾದ ಮೇಲೆ ಅವನೇ ನನ್ನ ಮಣಿಕಟ್ಟು ಹಿಡಿದು ಮೆಲ್ಲಗೆ ಅಲ್ಲಾಡಿಸಿದ. ಕೋರ್ಟಿನ ಚೀಟಿಗೆ ಮೊಹರು ಒತ್ತಿ ಕೊಟ್ಟು, ಹೊರಗೆ ಬಂದು ಸಾಲಿನ ಮುಂದೆ ನಿಂತು ಲಾರಿಗಳನ್ನು ತಡೆದ. ನಾನು ಬೇಡ, ನನ್ನ ಸರದಿ ಬರಲಿ ಎಂದೆ. "ಹಿರಿಯರೇ, ಇದೇ ಕೆಲಸಕ್ಕೆ ಸುಳ್ಳು ಹೇಳಿದೋನನ್ನ ಮುಂದೆ ಬಿಟ್ಟಿದ್ದೀನಿ. ನಿಜ ಹೇಳಿದೋನನ್ನ ಹಿಂದೆ ನಿಲ್ಲಿಸಲಾ?" ಎಂದ. ನನ್ನ ಜೀವಮಾನದಲ್ಲಿ ಬೇರೆಯವರ ಸರದಿ ತೆಗೆದುಕೊಂಡದ್ದು ಅದೊಂದೇ ಸಲ. ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಗಾಡಿ ನಾಲ್ಕು ಕಿಕ್ಕಿಗೂ ಏಳಲಿಲ್ಲ. ಸುತ್ತ ಜನ ಇದ್ದರು, ಅವರಲ್ಲಿ ಒಬ್ಬ ಮಸೀದಿಯ ಹಿರಿಯನೂ ಇದ್ದ. ನಾನು ಬಗ್ಗಿ, ಟ್ಯಾಂಕಿನ ಕಿವಿಯಂಥ ಜಾಗದಲ್ಲಿ, ಬೇರೆಯವರಿಗೆ ಕೇಳದಂತೆ ಹೇಳಿದೆ: ಏಳೇ ಸೈತಾನನ ಸೊಸೆ. ಎದ್ದಿತು.

ಮರಳಿನ ದಾರಿ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಬಾಬಿಕರನ ಮೊಹರೂ ಸಿಕ್ಕಿ, ಅವನು ನನ್ನ ಹಿಂದೆಯೇ ಬಂದ, ನಾನು ಬಿದ್ದಾಗ ಎತ್ತುವುದಕ್ಕೆಂದು. ಮೂರು ಸಲ ಎತ್ತಿದ. ಅವನು ಹಿಡಿದೆತ್ತಿ ದೂಡಿದ ಮೇಲೆ ಅದೂ ಬೈಗುಳವಿಲ್ಲದೆ ಎದ್ದಿತು. ಹೆಲ್ಮೆಟ್ಟಿನೊಳಗೆ ನಾನು ಆ ವಾಕ್ಯವನ್ನು ಹೇಳಿ ಹೇಳಿ ಅಭ್ಯಾಸ ಮಾಡುತ್ತಿದ್ದೆ, ಬಿದ್ದದ್ದೂ ಅದಕ್ಕೇ ಇರಬೇಕು. ಒಂದು ಸಲ ಹೇಳಿಯಾಗಿತ್ತಲ್ಲ, ನಾಲಿಗೆ ಅದಕ್ಕೆ ಒಂದಿಷ್ಟು ದಾರಿ ಬಿಟ್ಟುಕೊಟ್ಟಿತ್ತು. ಮೊನ್ನೆ ಶನಿವಾರ ಸಂಜೆ ಅಕ್ಕನ ಗಲ್ಲಿಯ ತಿರುವಿಗೆ ಬಂದೆ. ಬಾಗಿಲು ನಾನು ಮುಟ್ಟುವ ಮೊದಲೇ ತೆರೆಯಿತು. ಕಪ್ಪು ಕನ್ನಡಕ, ಕೈಯಲ್ಲಿ ಕೋಲು, ಹಿಂದೆ ಒಲೆಯ ಮೇಲೆ ಕಾಫಿಯ ಏಲಕ್ಕಿ ವಾಸನೆ. "ಬಂದ್ಯೇನೋ ಕತ್ತೆ," ಎಂದಳು. ನಾನು ಗಾಡಿ ಆರಿಸದೆ ಇಳಿದು ಅವಳ ತಲೆಗೆ ಮುತ್ತಿಟ್ಟೆ. "ಏನೋ ಸುದ್ದಿ?" ಎಂದಳು. "ಸುದ್ದಿ ಏನೂ ಇಲ್ಲ ಅಕ್ಕ, ಎಲ್ಲ ಶಾಂತ," ಎಂಬುದು ನನ್ನ ಬಾಯಿಂದ ತಾನಾಗಿ ಬಂದುಬಿಟ್ಟಿತು. ದನಿ ಕೇಳಿ ಅವಳ ಕೈ ನನ್ನ ಮುಖದ ಮೇಲೆ ಬಂತು. ಮೂಗು, ಗಡ್ಡ, ಒಡೆದ ಹಲ್ಲು. "ಹುಮೈದಾ? ಖಲ್ಫಾನ್ ಎಲ್ಲಿ?"

ಮಲಗಿದ್ದಾನೆ ಎನ್ನಬಹುದಿತ್ತು. ತೋಟದ ಕಡೆ ಇದ್ದಾನೆ ಎನ್ನಬಹುದಿತ್ತು. "ಖಲ್ಫಾನ್ ತೀರಿಕೊಂಡ ಅಕ್ಕ. ನಾಲ್ಕು ತಿಂಗಳಾಯ್ತು. ಮಲಗಿದ್ದಾಗ, ನೋವಿಲ್ಲದೆ," ಎಂದೆ. ಅಕ್ಕ ಅಲುಗಲಿಲ್ಲ. "ಮೊದಲು ಅದನ್ನ ಆರಿಸು," ಎಂದಳು. "ಆರಿಸಿದ್ರೆ ನನಗೆ ಮತ್ತೆ ಹೊರಡಿಸೋಕ್ಕೆ ಬರಲ್ಲ ಅಕ್ಕ." ಅವಳು ಕೋಲನ್ನು ಗೋಡೆಗೆ ಒರಗಿಸಿ, ಕೈ ಚಾಚಿ ನಿನ್ನ ಗಾಡಿಯ ಹಿಡಿಯನ್ನು ಹುಡುಕಿ ಹಿಡಿದುಕೊಂಡಳು. "ಹಾಗಾದ್ರೆ ಇರಲಿ. ಸ್ವಲ್ಪ ಹೊತ್ತು ಇರಲಿ," ಎಂದಳು. ಅವಳು ಒಂದು ಹಿಡಿ, ನಾನು ಇನ್ನೊಂದು ಹಿಡಿ. ಗಲ್ಲಿಯವರು ಬಾಗಿಲು ತೆರೆದು ನೋಡಿ ಮತ್ತೆ ಹಾಕಿಕೊಂಡರು. ಪೆಟ್ರೋಲು ಮುಗಿಯುವವರೆಗೆ ನಿಂತಿದ್ದೆವು. ಅದು ಎರಡು ಸಲ ಕೆಮ್ಮಿ ತಾನಾಗಿ ನಿಂತಿತು, ಆಗ ಅಕ್ಕ ಅತ್ತಳು. ಮಶಾರಿ ಕಣ್ಣಿನ ಔಷಧಿ ಹಿಡಿದು ಪಕ್ಕದಲ್ಲೇ ಸುಳಿದಾಡುತ್ತ, "ಅಮ್ಮಾ, ಡಾಕ್ಟ್ರು ಒಂದೇ ಸಲಕ್ಕೆ ಬೇಡ ಅಂದಿದ್ದಾರೆ," ಎಂದ. "ಡಾಕ್ಟ್ರ ತಮ್ಮ ಸತ್ತಿದ್ದಾನೇನೋ?" ಎಂದು ಅಕ್ಕ ಅವನನ್ನು ಗದರಿ, ಮತ್ತೆ ಅತ್ತಳು. ಕಣ್ಣಿಗೆ ಏನೂ ಆಗಿಲ್ಲ. ನಿನ್ನೆ ಡಾಕ್ಟರು ನೋಡಿ, ಚೆನ್ನಾಗಿ ತೊಳೆದ ಹಾಗಾಗಿದೆ ಎಂದರಂತೆ.

ಇಲ್ಲಿ ಎಲ್ಲರೂ ನಿನಗಾಗಿ ಪ್ರಾರ್ಥಿಸುತ್ತಿದ್ದಾರೆ. ಮುಸಲ್ಲಮ್ ಸಲಾಮು ಹೇಳಿದ್ದಾನೆ, ಜಗಳ ಇನ್ನೂ ಬಾಕಿ ಎಂದೂ ಹೇಳಿದ್ದಾನೆ. ಬಾಬಿಕರ್ ಅಕ್ಕನಿಗೆ ಒಂದು ಮೂಟೆ ಈರುಳ್ಳಿ ಇಳಿಸಿ ಹೋದ. ಅದನ್ನು ಹೆಚ್ಚುವಾಗ ಅಳುವುದಕ್ಕೆ ಡಾಕ್ಟರ ಅಪ್ಪಣೆ ಬೇಕೋ ಬೇಡವೋ ಎಂದು ಮನೆಯಲ್ಲಿ ಚರ್ಚೆ ನಡೆದಿದೆ. ದೇವರು ನಿನ್ನ ಜಾಗವನ್ನು ವಿಶಾಲವಾಗಿಡಲಿ, ನೆರಳು ಕೊಡಲಿ. ಅಲ್ಲಿಯೂ ಸಾಲು ಇದ್ದರೆ ದಯವಿಟ್ಟು ನಿಲ್ಲು.

ಎಂದೂ ನಿನ್ನವನಾದ,
ಅಣ್ಣ ಹುಮೈದ್

ಮರೆತೆ, ಬರೆಯಲು ಕೂತದ್ದೇ ಇದಕ್ಕೆ: ಬರುವ ವರ್ಷವೂ ಖರ್ಜೂರ ಇದೇ ಸದ್ದಿನಲ್ಲಿ ಬರಬೇಕು ಎಂದು ಅಕ್ಕನ ಆಜ್ಞೆಯಾಗಿದೆ. ಕೋರ್ಟಿನ ಚೀಟಿ ಈ ಒಂದು ಸಲಕ್ಕೆ ಮಾತ್ರ, ಇನ್ನು ಗಾಡಿಯನ್ನು ನನ್ನ ಹೆಸರಿಗೆ ಬರೆಸಬೇಕು. ಕಾಗದಗಳೆಲ್ಲ ಸರಿಯಾಗಿವೆ, ನಿನ್ನನ್ನು ಕೇಳುವ ಅಗತ್ಯವಿಲ್ಲ ಎನ್ನುತ್ತಾನೆ ಮಶಾರಿ. ನೀನು ನನ್ನದೇನನ್ನೂ ಕೇಳಿ ತೆಗೆದುಕೊಂಡವನಲ್ಲ, ಆದರೆ ನಾನು ಅಣ್ಣ, ಕೇಳದೆ ತೆಗೆದುಕೊಳ್ಳಲಾರೆ. ತೆಗೆದುಕೊಳ್ಳಲಾ? ನಾಳೆ ಬೆಳಗ್ಗೆ ಹೊರಡುತ್ತೇನೆ, ಬೇಡ ಎನ್ನುವುದಿದ್ದರೆ ಅಷ್ಟರೊಳಗೆ ಹೇಗಾದರೂ ತಿಳಿಸು. ಈಗ ಅಕ್ಕ ಒಳಗಿನಿಂದ ಮತ್ತೆ ನಿನ್ನ ನಂಬರು ಒತ್ತಿದ್ದಾಳೆ. ಮೊನ್ನೆ ಒಮ್ಮೆ ಆ ಕೂಗು ಕೇಳಿದ ಮೇಲೆ ದಿನಕ್ಕೆ ಮೂರು ಸಲ ಕಿಟಕಿಯ ಪಕ್ಕ ಕೂತು ಕೇಳುತ್ತಾಳೆ. ನನ್ನ ಪಕ್ಕದ ಚೀಲದಲ್ಲಿ ನಿನ್ನ ಫೋನು ಕೂಗುತ್ತಿದೆ, ಕೋಳಿ ಹಾರಿಹೋಯಿತು. ಆಯ್ತು ಕಣ್ರಪ್ಪ, ಆಯ್ತು, ಎನ್ನುತ್ತಿದ್ದೀಯ. ಮುಸಲ್ಲಮ್ ಇದು ಲೆಕ್ಕಕ್ಕಿಲ್ಲ ಎಂದಿದ್ದ. ನಾನು ಬರೆದುಕೊಂಡಿದ್ದೇನೆ.